ಕಟ್ಟಿದ ಕಾಲಿಗೆ ಒಂದಿಷ್ಟು ಓರೆ

ಅಡಿಕೆ ಮರ ಹತ್ತುವವರ ಪಾದ ನೋಡಬೇಕೆಂದರೆ ಅವರು ಒಂದಾಳೆತ್ತರ ಏರಿದಾಗಲೇ ನೋಡಿಬಿಡಬೇಕು. ಅಲ್ಲಿಂದ ಮೇಲೆ ಹೋದರೆಂದರೆ ನಮ್ಮ ಕಣ್ಣು ಅಡಿಕೆ ಕೊನೆಯ ಕಡೆಗೆ ತಿರುಗುತ್ತದೆ. ಕತ್ತಿ ಎಲ್ಲಿ ತಾಗಿತು, ಕೊನೆ ಇಳಿಸುವ ನೇಣು ಸರಿಯಾಗಿ ಇಳಿಯಿತೇ, ಉದುರಿದ ಅಡಿಕೆ ಯಾವ ಬುಡಕ್ಕೆ ಬಿತ್ತು ಎಂದು ಹುಡುಕುತ್ತದೆ. ನಮ್ಮ ತೋಟ ಶರಾವತಿಯ ದಂಡೆಯಲ್ಲಿ, ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿದೆ. ಚಿಕ್ಕಂದಿನಿಂದ ಕೊನೆಕೊಯ್ಲಿನ ನಡುವೆಯೇ ಬೆಳೆದರೂ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಪಾದ ನನ್ನ ಗಮನಕ್ಕೆ ಬಂದದ್ದು ನನ್ನ ಮೊಣಕಾಲು ನೋಯತೊಡಗಿದ ಮೇಲೆ. ನೋವು ಬಂದವನಿಗೆ ಊರಿನ ನಡಿಗೆಯೆಲ್ಲ ಕಾಣಿಸತೊಡಗುತ್ತದೆ. ಯಾರು ಜಗಲಿಯ ಮೆಟ್ಟಿಲನ್ನು ಒಂದೇ ಕಾಲಿನಲ್ಲಿ ಏರುತ್ತಾರೆ, ಯಾರು ಊಟದ ಪಂಕ್ತಿಯಿಂದ ಏಳುವಾಗ ನೆಲಕ್ಕೆ ಕೈಯೂರುತ್ತಾರೆ, ಯಾರ ಕಾಲು ವರ್ಷದಿಂದ ವರ್ಷಕ್ಕೆ ಹೊರಕ್ಕೆ ಬಾಗುತ್ತಿದೆ ಎಂಬುದೆಲ್ಲ.

ನಮ್ಮ ತೋಟಕ್ಕೆ ಬರುವ ಹಿರಿಯ ಗೌಡರು ಮರದ ಬುಡದಲ್ಲಿ ನಿಂತು ತಳೆ ಹಾಕಿಕೊಳ್ಳುವ ರೀತಿಯೇ ಒಂದು ವಿದ್ಯೆ. ತಳೆಯೆಂದರೆ ಎರಡು ಪಾದಗಳನ್ನೂ ಸೇರಿಸಿ ಹಾಕುವ ಹಗ್ಗದ ಬಳೆ. ನಾರಿನ ಹಗ್ಗಕ್ಕೆ ಹಳೆಯ ಬಟ್ಟೆ ಸುತ್ತಿ ಮಾಡಿದ್ದೂ ಉಂಟು, ಗೋಣಿಯನ್ನೇ ಹೊಸೆದು ಮಾಡಿದ್ದೂ ಉಂಟು. ಅವರು ಅದನ್ನು ಒಮ್ಮೆ ಎಳೆದು ನೋಡುತ್ತಾರೆ, ಎರಡು ಪಾದಗಳ ನಡುವಿನ ಅಂತರವನ್ನು ಮರದ ದಪ್ಪಕ್ಕೆ ಹೊಂದಿಸುತ್ತಾರೆ, ಆಮೇಲೆ ಮರವನ್ನು ಅಪ್ಪಿ ಹಿಡಿದು ಎರಡೂ ಪಾದಗಳನ್ನು ಒಟ್ಟಿಗೆ ಮೇಲಕ್ಕೆ ಸೆಳೆದುಕೊಳ್ಳುತ್ತಾರೆ. ಮೊಣಕಾಲು ಹೊರಕ್ಕೆ ಮಡಚುತ್ತದೆ. ಅಂಗಾಲು ಎರಡೂ ಒಳಮುಖವಾಗಿ ತಿರುಗಿ ಕಾಂಡವನ್ನು ಆಚೆ ಈಚೆಯಿಂದ ಹಿಡಿಯುತ್ತವೆ. ಮೈಭಾರ ಕೆಳಗೆ ಜಗ್ಗಿದಷ್ಟೂ ತಳೆ ಬಿಗಿಯುತ್ತದೆ, ತಳೆ ಬಿಗಿದಷ್ಟೂ ಪಾದ ಕಾಂಡಕ್ಕೆ ಒತ್ತುತ್ತದೆ. ಜಾರಿಸಬೇಕಾದ ಭಾರವೇ ಅಲ್ಲಿ ಹಿಡಿತವಾಗುತ್ತದೆ. ಆಮೇಲೆ ಕಾಲು ನೆಟ್ಟಗಾಗುತ್ತದೆ, ಕೈ ಇನ್ನೂ ಮೇಲೆ ಹೋಗುತ್ತದೆ. ಐವತ್ತು ಅರವತ್ತು ಅಡಿಯ ಮರದ ತುದಿಗೆ ಹೋಗಿ ಒಟ್ಟುಮಣೆಯ ಮೇಲೆ ಕೂರುವ ತನಕ ಇದೇ ನಡೆ.

ಒಮ್ಮೆ ನಾನು ಕೇಳಿದೆ, ಪಾದವನ್ನು ಇಷ್ಟೊಂದು ಓರೆ ಮಾಡಿದರೆ ಹರಡು ಉಳುಕುವುದಿಲ್ಲವೇ ಎಂದು. ಗೌಡರು ತಳೆ ಬಿಚ್ಚುತ್ತಲೇ ಹೇಳಿದರು: “ಮರ ಉರುಟು ಅಲ್ದಾ ಹೆಗ್ಡೇರೇ. ಕಾಲು ಮರದ ಹಾಂಗೆ ತಿರುಗೂಕೇ ಬೇಕು. ನೆಟ್ಟಗೆ ಇಡ್ತೆ ಅಂದ್ರೆ ಮೊಣಕಾಲು ಕೇಳೂದಿಲ್ಲ.”

ಅವರು ಹೇಳಿದ್ದು ಮೂಳೆಯ ಶಾಸ್ತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಮೊಣಕಾಲು ಬಹುಮಟ್ಟಿಗೆ ಬಾಗಿಲ ತಿರುಗಣಿಯ ಹಾಗೆ ಒಂದೇ ದಿಕ್ಕಿನಲ್ಲಿ ಮಡಚಿ ಬಿಡಿಸಿಕೊಳ್ಳುವ ಕೀಲು. ಮಡಚಿದಾಗ ಸ್ವಲ್ಪ ತಿರುಗಲು ಎಡೆಯುಂಟು. ಪಕ್ಕಕ್ಕೆ ಬಾಗಲು ಎಡೆಯಿಲ್ಲ. ಪಕ್ಕದ ಓರೆಯನ್ನು ತಾಳಿಕೊಳ್ಳುವ ಕೆಲಸ ಕೆಳಗಿನ ಹರಡಿನದು, ಅದಕ್ಕೂ ಕೆಳಗೆ ಹಿಮ್ಮಡಿಯ ಮೂಳೆ ಸೇರುವ ಕೀಲಿನದು. ಅಂಗಾಲು ಒಳಕ್ಕೆ ತಿರುಗುವಷ್ಟು ಸಲೀಸಾಗಿ ಹೊರಕ್ಕೆ ತಿರುಗದು. ಅಡಿಕೆ ಮರದ ಉರುಟು ಅಂಗಾಲಿಗೆ ಒಪ್ಪುವ ದಿಕ್ಕಿನಲ್ಲೇ ಇದೆ. ಪಾದ ಆ ಓರೆಯನ್ನು ತಾನು ಹೊತ್ತುಕೊಳ್ಳುವುದರಿಂದ ಮೊಣಕಾಲಿಗೆ ತಾನು ಬಲ್ಲ ಒಂದೇ ಕೆಲಸ ಉಳಿಯುತ್ತದೆ, ಮಡಚುವುದು ಮತ್ತು ಬಿಡಿಸುವುದು. ಹಾಗೆಂದು ಅದೇನೂ ಹಗುರದ ಕೆಲಸವಲ್ಲ. ಬರಿಯ ಮೆಟ್ಟಿಲು ಇಳಿಯುವಾಗಲೇ ಮೊಣಕಾಲಿನ ಮೇಲೆ ಮೈತೂಕದ ಮೂರು ಪಟ್ಟಿಗೂ ಮಿಕ್ಕಿದ ಭಾರ ಬೀಳುತ್ತದೆ ಎಂಬುದನ್ನು ಕೃತಕ ಮೊಣಕಾಲಿನೊಳಗೆ ಅಳತೆಯ ಸಾಧನ ಇಟ್ಟು ಕಂಡುಕೊಂಡಿದ್ದಾರೆ. ಕುಕ್ಕರುಗಾಲಿನಿಂದ ಮೈಯೆತ್ತುತ್ತ ದಿನವಿಡೀ ಮರ ಏರುವವರ ಮೊಣಕಾಲು ಎಷ್ಟು ಹೊರುತ್ತದೆಯೋ ನೀವೇ ಊಹಿಸಿಕೊಳ್ಳಿ.

ತಳೆ ಎರಡು ಕಾಲುಗಳನ್ನು ಒಂದಕ್ಕೊಂದು ಕಟ್ಟಿಬಿಡುತ್ತದೆ ಎಂಬ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಿಡಿ ಕಾಲಿನಲ್ಲಿ ನಡೆಯುವಾಗ ನಾವು ಹೆಜ್ಜೆ ಹೆಜ್ಜೆಗೂ ಪಾದವನ್ನು ತುಸು ಆಚೆ, ತುಸು ಈಚೆ ಮಾಡಿಕೊಳ್ಳುತ್ತೇವೆ. ಗದ್ದೆಯ ಹಾಳಿಯ ಮೇಲೆ ಒಂದು ಬಗೆ, ಚಿರೆಕಲ್ಲಿನ ಮೆಟ್ಟಿಲಲ್ಲಿ ಒಂದು ಬಗೆ, ಮರಳಿನಲ್ಲಿ ಮತ್ತೊಂದು ಬಗೆ. ನಮಗೆ ಗೊತ್ತಾಗುವ ಮೊದಲೇ ಮೈ ತನ್ನ ಕೋನವನ್ನು ತಿದ್ದಿಕೊಂಡಿರುತ್ತದೆ. ಕಾಲು ಕಟ್ಟಿದ ಮೇಲೆ ಆ ತಿದ್ದುಪಡಿಗೆ ಜಾಗವಿಲ್ಲ. ಕಟ್ಟುವಾಗ ಯಾವ ಕೋನ ಕೊಟ್ಟೆವೋ ಕೆಲಸ ಮುಗಿಯುವ ತನಕ ಅದೇ. ಅದು ತಪ್ಪಾಗಿದ್ದರೆ ಅದರ ದಂಡವನ್ನು ತೆರುವುದು ನಡುವಿನ ಕೀಲು.

ಈ ಮಾತು ಇಷ್ಟು ಸ್ಪಷ್ಟವಾಗಿ ನನಗೆ ಹೊಳೆಯಲು ಕಾರಣ ಹಿಮದ ಮೇಲೆ ಜಾರುವ ಒಂದು ಹಲಗೆ. ಹೊನ್ನಾವರದ ಸೆಕೆಯಲ್ಲಿ ಕೂತು ಹಿಮದ ಮಾತಾಡುವ ಪ್ರಸಂಗ ನನಗೆ ಬಂದದ್ದು ತಂಗಿಯ ಮಗನಿಂದ. ಅವನಿರುವುದು ಅಮೆರಿಕದ ಡೆನ್ವರಿನಲ್ಲಿ. ಚಳಿಗಾಲ ಬಂದರೆ ರಜೆಯ ದಿನ ಬೆಟ್ಟಕ್ಕೆ ಹೋಗಿ ಸ್ನೋಬೋರ್ಡಿಂಗ್ ಮಾಡುತ್ತಾನೆ. ಎರಡು ಕಾಲಿಗೆ ಎರಡು ಪಟ್ಟಿ ಹಾಕಿಕೊಂಡು ಜಾರುವ ಸ್ಕೀ ಅಲ್ಲ ಇದು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಅಡ್ಡಲಾಗಿ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವುದು. 1965ರಲ್ಲಿ ಮಿಷಿಗನ್‌ನ ಶರ್ಮನ್ ಪಾಪನ್ ಎಂಬವರು ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿಕೊಟ್ಟ ಹಲಗೆಯಿಂದ ಬೆಳೆದ ಆಟ ಇದು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ಗೂ ಸೇರಿತು. ಹಲಗೆಗೆ ಪಾದವನ್ನು ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎನ್ನುತ್ತಾರೆ. ಅದಕ್ಕೊಂದು ಪಾದದ ಹಾಸು, ಹಿಂದೊಂದು ಒರಗು, ಮೇಲೆರಡು ಪಟ್ಟಿ.

ಅವನು ವೀಡಿಯೊ ಕರೆಯಲ್ಲಿ ತನ್ನ ಹೊಸ ಬೈಂಡಿಂಗನ್ನು ಫೋನಿನ ಮುಂದೆ ಹಿಡಿದು, “ಮಾವ, ಇದರ ಹಾಸು ನೋಡು, ಸಮ ಇಲ್ಲ. ಹೊರಗಿನ ಅಂಚು ಎತ್ತರ, ಒಳಗಿನದು ತಗ್ಗು” ಎಂದ. ಮೊದಲು ಸಮತಟ್ಟಾದ ಹಾಸಿನ ಮೇಲೆ ನಿಲ್ಲುತ್ತಿದ್ದನಂತೆ. ಸಂಜೆಯಾಗುವಷ್ಟರಲ್ಲಿ ಮೊಣಕಾಲಿನ ಒಳಬದಿ ನೋಯುತ್ತಿತ್ತು. ಕಾರಣ ಸರಳವಾಗಿದೆ. ಹಲಗೆಯ ಮೇಲೆ ಪಾದಗಳನ್ನು ಸೊಂಟದ ಅಗಲಕ್ಕಿಂತ ದೂರ ಇಟ್ಟು, ಅರ್ಧ ಮೀಟರಿನಷ್ಟು ಕಾಲಗಲಿಸಿ ನಿಲ್ಲಬೇಕು. ಹಾಗೆ ನಿಂತಾಗ ಕಣಕಾಲು ಎರಡೂ ಮೇಲೆ ಹೋಗುತ್ತ ಒಳಕ್ಕೆ ಓರೆಯಾಗುತ್ತವೆ. ಕಣಕಾಲು ಓರೆಯಾದಾಗ ಅದಕ್ಕೆ ಲಂಬವಾಗಿರುವ ಅಂಗಾಲೂ ಓರೆಯಾಗಬೇಕು, ಅಂದರೆ ಹೊರಂಚು ನೆಲ ಬಿಟ್ಟು ಮೇಲೇಳಬೇಕು. ಆದರೆ ಬೂಟು ಗಟ್ಟಿ, ಪಟ್ಟಿ ಬಿಗಿ, ಹಾಸು ಸಮತಟ್ಟು. ಭಾರವೆಲ್ಲ ಒಳಂಚಿಗೆ ಬೀಳುತ್ತದೆ, ಹರಡು ತಿರುಚುತ್ತದೆ, ಹರಡಿಗೆ ಸಾಲದ ತಿರುಚು ಮೊಣಕಾಲಿಗೆ ಏರುತ್ತದೆ. ಹೊರಂಚಿನ ಕೆಳಗೆ ತೆರವಾಗುವ ಜಾಗಕ್ಕೆ ಹಾಸನ್ನೇ ಎತ್ತರಿಸಿ ಕೊಟ್ಟರೆ ಕಣಕಾಲು ತನ್ನ ಓರೆಯಲ್ಲಿ ಸುಮ್ಮನಿರುತ್ತದೆ, ಮೊಣಕಾಲು ಪಾದದ ನೇರಕ್ಕೆ ಬರುತ್ತದೆ.

ಆ ಓರೆ ಎಷ್ಟು ಎಂದು ಕೇಳಿದೆ. ಎರಡೂವರೆ, ಮೂರು ಡಿಗ್ರಿ ಎಂದ. ನಾನು ಕಾಗದದ ಮೇಲೆ ಗೀಚಿ ನೋಡಿದೆ. ಅಂಗಾಲಿನ ಅಗಲ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ 3 ಡಿಗ್ರಿಗೆ ಹೊರಂಚು ಏಳುವುದು 5 ಮಿಲಿಮೀಟರಿನಷ್ಟು. ನಮ್ಮ ಬಡಗಿಗಳ ಲೆಕ್ಕದಲ್ಲಿ ಎರಡು ನೂಲಿಗೂ ಕಡಿಮೆ. ಬಾಗಿಲಿನ ಚೌಕಟ್ಟಿಗೆ ಸಂದು ಬಿಡುವಾಗ ಅವರು ಕಣ್ಣಳತೆಯಲ್ಲೇ ಬಿಡುವ ಅಂತರ. ಅಷ್ಟಕ್ಕೆ ಒಂದು ಮೊಣಕಾಲಿನ ಸಂಜೆ ಬೇರೆಯಾಗುತ್ತದೆ ಎಂದರೆ ನಂಬಲು ಮೊದಲು ಕಷ್ಟವಾಯಿತು. ಆದರೆ ಗೌಡರ ಮಾತು ನೆನಪಾಗಿ ನಂಬಿದೆ.

ನನ್ನ ಸ್ವಂತ ಮೊಣಕಾಲಿನ ಔಷಧವೂ ಇದೇ ಜಾತಿಯದು. ಉತ್ತರ ಕನ್ನಡದವರಿಗೆ ಮೂಳೆಯ ತಜ್ಞರೆಂದರೆ ಗಡಿ ದಾಟಿದ ಊರು: ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ದೊಡ್ಡ ಆಸ್ಪತ್ರೆ ಜಿಲ್ಲೆಯೊಳಗೇ ಬೇಕು ಎಂದು 2022ರಲ್ಲಿ ಜನ ಬೀದಿಗಿಳಿದದ್ದು ಅಪಘಾತದ, ಹೃದಯಾಘಾತದ ತುರ್ತಿಗಾಗಿ. ಮೊಣಕಾಲಿಗಾಗಿ ಯಾರೂ ಕೂಗುವುದಿಲ್ಲ. ಅದು ಸಾಯಿಸುವ ನೋವಲ್ಲ, ಹಾಗಾಗಿ ಜನ ತಾಳುತ್ತಾರೆ. ಎಣ್ಣೆ ಹಚ್ಚುತ್ತಾರೆ, ಲಕ್ಕಿ ಸೊಪ್ಪಿನ ಶಾಖ ಕೊಡುತ್ತಾರೆ, ಕಾಲು ಬಾಗಿದ ಮೇಲೆ ಬಸ್ಸು ಹತ್ತುತ್ತಾರೆ. ನಾನು ತೋರಿಸಿದ ವೈದ್ಯರು ಎಕ್ಸ್‌ರೇ ಹಿಡಿದು, ಒಳಬದಿಯ ಮೃದ್ವಸ್ಥಿ ಸವೆದಿದೆ ಎಂದರು. ನಡೆಯುವಾಗ ಮೊಣಕಾಲಿನ ಭಾರದ ಹೆಚ್ಚಿನ ಪಾಲು ಹೇಗೂ ಒಳಬದಿಗೇ ಬೀಳುತ್ತದೆ. ಕಾಲು ಹೊರಕ್ಕೆ ಬಾಗಿದರೆ ಇನ್ನಷ್ಟು. ಚಪ್ಪಲಿಯೊಳಗೆ ಹೊರಂಚು ಎತ್ತರವಿರುವ ಒಂದು ಹಾಸು ಇಟ್ಟುಕೊಳ್ಳಲು ಹೇಳಿದರು. ಜೊತೆಗೆ ತೊಡೆಯ ಸ್ನಾಯುವಿಗೆ ವ್ಯಾಯಾಮ, ತೂಕ ಇಳಿಸುವುದು, ನೆಲದ ಮೇಲೆ ಕೂರುವುದು ಕಡಿಮೆ.

ನನಗೆ ಹಾಸಿನಿಂದ ಸುಖವಿದೆ. ಆದರೆ ಇದನ್ನು ಎಲ್ಲರ ಮೊಣಕಾಲಿಗೂ ಮದ್ದೆಂದು ನಾನು ಹೇಳಲಾರೆ. ಇಂಥ ಹಾಸುಗಳ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಒಂದು ವಿಮರ್ಶೆ 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಓರೆ ಹಾಸು ಹಾಕಿದವರನ್ನು ಸಮತಟ್ಟಾದ ಮೆತ್ತನೆಯ ಹಾಸು ಹಾಕಿದವರ ಜೊತೆ ಹೋಲಿಸಿದಾಗ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ಅದರ ನಿರ್ಣಯ. ನನಗೆ ಇದರಲ್ಲಿ ನಿರಾಶೆಯೇನೂ ಕಾಣುವುದಿಲ್ಲ. ನೂರು ಜನರಿಗೆ ಒಂದೇ ಓರೆ ಕೊಟ್ಟರೆ ಅದು ಕೆಲವರ ಮೂಳೆಗೆ ಹೊಂದುತ್ತದೆ, ಕೆಲವರದಕ್ಕೆ ಹೊಂದುವುದಿಲ್ಲ. ಜೊತೆಗೆ, ನಡೆಯುವ ಕಾಲು ಬಿಡಿ ಕಾಲು, ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವಂಥದ್ದು. ಓರೆಯ ನಿಜವಾದ ಬೆಲೆ ಕಟ್ಟಿದ ಕಾಲಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿಯೂ ಮೂಳೆ ಮೂಳೆಗೆ ಬೇರೆ ಅಳತೆ ಬೇಕು.

ನಮ್ಮ ಕರಾವಳಿಯಲ್ಲಿ ಕಟ್ಟಿದ ಕಾಲುಗಳು ಎಷ್ಟಿವೆ! ಅಡಿಕೆ ಸುಲಿಯುವ ಹೆಂಗಸರನ್ನು ನೋಡಿ. ಕುಮಟೆಯ ಮಾರುಕಟ್ಟೆಗೆ ಹೋಗುವ ಚಾಲಿ ಅಡಿಕೆ ಬೆಳ್ಳಗೆ ಮಿರುಗುವ ಮೊದಲು ಒಂದೊಂದು ಅಡಿಕೆಯೂ ಮೆಟ್ಟುಗತ್ತಿಯ ಬಾಯಿಗೆ ಬಂದಿರುತ್ತದೆ. ಮಣೆಗೆ ನಿಲ್ಲಿಸಿದ ಕತ್ತಿ. ಆ ಮಣೆಯನ್ನು ಒಂದು ಕಾಲಿನಿಂದ ಮೆಟ್ಟಿ ಹಿಡಿದು, ಇನ್ನೊಂದನ್ನು ಮಡಚಿ, ತಾಸುಗಟ್ಟಲೆ ಕೂರಬೇಕು. ಹಗ್ಗವಿಲ್ಲದಿದ್ದರೂ ಕಾಲು ಕಟ್ಟಿದ್ದೇ, ಅಲ್ಲಾಡಿಸಿದರೆ ಕತ್ತಿ ಅಲ್ಲಾಡುತ್ತದೆ. ಭಟ್ಕಳದಲ್ಲಿ, ಹೊನ್ನಾವರದಲ್ಲಿ ಮೀನುಪೇಟೆಯ ಹೆಂಗಸರು ಬುಟ್ಟಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತರೆ ಬುಟ್ಟಿ ಬರಿದಾಗುವ ತನಕ ಏಳುವುದಿಲ್ಲ. ನಮ್ಮ ಅಮ್ಮ ಸುಲಿಯಲು ಕೂರುವ ಮಣೆಯ ಹಿಂಬದಿಗೆ ಅಡಿಕೆ ದಬ್ಬೆಯ ಒಂದು ತುಂಡನ್ನು ಇಟ್ಟುಕೊಳ್ಳುತ್ತಿದ್ದಳು. ಮಣೆ ಮುಂದಕ್ಕೆ ಓರೆಯಾಗುತ್ತಿತ್ತು, ಸೊಂಟ ಎತ್ತರವಾಗುತ್ತಿತ್ತು, ಮೊಣಕಾಲಿನ ಮಡಿಕೆ ಅಷ್ಟು ತೆರೆದುಕೊಳ್ಳುತ್ತಿತ್ತು. ಬೇರೆಯವರು ಬಂದು ಕೂತರೆ ಜಾರಿದಂತಾಗುತ್ತದೆ ಎಂದು ಆ ತುಂಡನ್ನು ತೆಗೆದುಬಿಡುತ್ತಿದ್ದರು. ಅವಳು ಮತ್ತೆ ಹುಡುಕಿ ತಂದು ಇಡುತ್ತಿದ್ದಳು. ಅವಳ ಮೈ ಕಂಡುಕೊಂಡ ಅಳತೆ ಅದು.

ಇನ್ನು ಯಕ್ಷಗಾನ. ಹೊನ್ನಾವರದಲ್ಲಿ ಕೂತು ಮೊಣಕಾಲಿನ ಬಗ್ಗೆ ಬರೆಯುವವನು ಯಕ್ಷಗಾನವನ್ನು ಬಿಟ್ಟು ಬರೆಯಲಾರ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಗುಣವಂತೆಯದು. ಕರ್ಕಿಯ ಹಾಸ್ಯಗಾರರ ಮನೆತನ ಇಲ್ಲೇ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಊರೂ ಈ ತಾಲ್ಲೂಕಿನದೇ. ಬಡಗಿನ ಪುಂಡುವೇಷಗಳಿಗೆ, ಅಭಿಮನ್ಯುವಿಗೆ, ಬಭ್ರುವಾಹನನಿಗೆ, ಕೃಷ್ಣನಿಗೆ, ಮಂಡಿ ಹಾಕುವ ಒಂದು ಕುಣಿತವಿದೆ. ಕುಣಿಯುತ್ತ ಕುಣಿಯುತ್ತ ವೇಷ ಎರಡೂ ಮೊಣಕಾಲಿನ ಮೇಲೆ ಇಳಿಯುತ್ತದೆ, ಹಾಗೆಯೇ ಗಿರಗಿರನೆ ರಂಗಸ್ಥಳವನ್ನು ಸುತ್ತುತ್ತದೆ. ಚಂಡೆ ಏರಿದಷ್ಟೂ ಸುತ್ತು ಬಿರುಸಾಗುತ್ತದೆ. ಸಭೆ ಶಿಳ್ಳೆ ಹೊಡೆಯುತ್ತದೆ, ಸುತ್ತುಗಳನ್ನು ಎಣಿಸುತ್ತದೆ, ಇನ್ನೂ ಬೇಕು ಎನ್ನುತ್ತದೆ. ನಾನೂ ಆ ಸಭೆಯಲ್ಲಿ ಕೂತು ಮೈಮರೆತವನೇ. ಆ ಸೊಬಗಿಗೆ ಸಮನಾದದ್ದು ನನ್ನ ಮಟ್ಟಿಗೆ ಬೇರೆ ಯಾವ ರಂಗದಲ್ಲೂ ಇಲ್ಲ.

ಹಿಂದೆ ಆಟವಾಗುತ್ತಿದ್ದದ್ದು ಕೊಯ್ಲು ಮುಗಿದ ಗದ್ದೆಯಲ್ಲಿ. ಆ ಮಣ್ಣು ಗಟ್ಟಿಯಾದರೂ ಮಣ್ಣೇ. ಮೊಣಕಾಲು ಬಿದ್ದಲ್ಲಿ ತುಸು ಒಳಗೆ ಹೋಗುತ್ತದೆ, ಚಿಪ್ಪಿನ ಆಕಾರಕ್ಕೆ ಒಂದು ಕುಳಿ ಬೀಳುತ್ತದೆ. ಈಗ ಆಟ ಸಭಾಭವನದ ಸಿಮೆಂಟಿನ ಮೇಲೆ, ಕಬ್ಬಿಣದ ಕಾಲಿನ ಮೇಲೆ ಜೋಡಿಸಿದ ಪ್ಲೈವುಡ್ಡಿನ ಮೇಲೆ, ಅದಕ್ಕೆ ಹಾಸಿದ ತೆಳ್ಳನೆಯ ಜಮಖಾನೆಯ ಮೇಲೆ. ನೆಲ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಕಸೆ ಸೀರೆಯೊಳಗೆ ಮೊಣಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಳ್ಳುವ ಕಲಾವಿದರಿದ್ದಾರೆ. ಅದನ್ನು ಸಣ್ಣತನವೆಂದು ಯಾರಾದರೂ ಆಡಿದರೆ ನನಗೆ ಸಿಟ್ಟು ಬರುತ್ತದೆ. 1933ರಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ತೀರಿಕೊಂಡ ಚಿಟ್ಟಾಣಿಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಎಲ್ಲರಿಗೂ ಆ ಮೈ ಇರುವುದಿಲ್ಲ. ಮೇಳದ ತಿರುಗಾಟದಲ್ಲಿ ರಾತ್ರಿಯಿಂದ ರಾತ್ರಿಗೆ ಮಂಡಿ ಹಾಕುವ ಹುಡುಗನ ಮೊಣಕಾಲು ಐವತ್ತರ ವಯಸ್ಸಿಗೂ ಬೇಕು. ಮನೆಯಲ್ಲಿ ತೋಟವಿದ್ದರೆ ದರೆ ಹತ್ತಬೇಕು, ತೋಟವಿಲ್ಲದಿದ್ದರೆ ಬಸ್ಸು ಹತ್ತಬೇಕು. ಆಟ ಆಡಿಸುವವರು ಧ್ವನಿವರ್ಧಕಕ್ಕೆ, ಬಣ್ಣದ ಬೆಳಕಿಗೆ ಖರ್ಚು ಮಾಡುವಾಗ ರಂಗಸ್ಥಳದ ಹಲಗೆಯಡಿ ಎರಡಂಗುಲ ಮೆತ್ತನೆಯದನ್ನು ಹಾಸಿಸಬಹುದು. ನಾನು ನಮ್ಮೂರ ದೇವಸ್ಥಾನದ ಸಮಿತಿಯಲ್ಲಿ ಈ ಮಾತು ಎತ್ತಿದ್ದೇನೆ, ಮುಂದೆಯೂ ಎತ್ತುತ್ತೇನೆ.

ತೋಟಕ್ಕೆ ಮರಳುತ್ತೇನೆ. ಹಿರಿಯ ಗೌಡರ ಮಗ ಅಪ್ಪನ ಹಾಗೆ ತಳೆಯ ಮೇಲೆ ಏರಬಲ್ಲ, ಆದರೆ ಏರಲು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹಾವಸೆಗಟ್ಟಿದ ಮರ ಏರಿ ಜಾರಿದವರನ್ನು ಅವನು ಕಂಡಿದ್ದಾನೆ. ಅವನ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಅಡಿಕೆಗೆ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾನೆ, ದ್ರಾವಣ ಹೊಡೆಯುತ್ತಾನೆ. ಮೊಣಕಾಲು ಉಳಿಯಿತು, ದಿನವಿಡೀ ಮೇಲೆ ನೋಡುವ ಕುತ್ತಿಗೆಗೆ ಕೆಲಸ ಬಂತು. ಬಂಟ್ವಾಳ ಕಡೆಯ ಸಜಿಪದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕೊಂದನ್ನು ಮಾಡಿ 2019ರಲ್ಲಿ ಎಲ್ಲೆಡೆ ಸುದ್ದಿಯಾದರಲ್ಲ, ಅದರಲ್ಲಿ ಆಳು ಕೂತು ಹೋಗುತ್ತಾನೆ. ಮೈಭಾರ ಆಸನದ ಮೇಲೆ, ಕಾಲಿಗೆ ಏನೂ ಇಲ್ಲ. ಆ ಯೋಚನೆಗೆ ನನ್ನ ನಮಸ್ಕಾರ.

ತೆಂಗಿನ ಮರದ ವಿಷಯ ಬೇರೆ. ಅದಕ್ಕೆ ಕಾಲಿನಿಂದಲೇ ಏರುವ ಯಂತ್ರವನ್ನು ಗೌಡರ ಮಗ ತಂದುಕೊಂಡಿದ್ದಾನೆ. ಕೇರಳದಲ್ಲಿ ಹುಟ್ಟಿದ ಮಾದರಿ ಇದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿ ಶುರು ಮಾಡಿದ ಮೇಲೆ ನಮ್ಮ ಕಡೆಯ ಹುಡುಗರೂ ಇಂಥ ಯಂತ್ರಗಳಿಗೆ ಒಗ್ಗಿಕೊಂಡರು. ಎರಡು ಚೌಕಟ್ಟು, ಮರಕ್ಕೆ ಸುತ್ತುವ ಎರಡು ತಂತಿಹಗ್ಗ. ಮರದ ಆಚೆಗೊಂದು, ಈಚೆಗೊಂದು ಪಾದದ ತಟ್ಟೆ. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಕೈಯಿಂದ ಮೇಲೆತ್ತುತ್ತ ಹೋಗಬೇಕು. ಬಿದ್ದು ಸಾಯುವ ಭಯ ಕಡಿಮೆ, ಎದೆ ತರಚುವುದಿಲ್ಲ, ಕಲಿಯಲು ತಿಂಗಳುಗಟ್ಟಲೆ ಬೇಡ. ಆದರೆ ಅವನು ಸಂಜೆ ನಮ್ಮ ಜಗಲಿಯಲ್ಲಿ ಚಾ ಕುಡಿಯುತ್ತ ಮೊಣಕಾಲಿನ ಒಳಬದಿಯನ್ನೇ ಒತ್ತಿಕೊಳ್ಳುತ್ತಿದ್ದ. ಅಪ್ಪನಿಗೆ ಅಚ್ಚರಿ. “ಅಷ್ಟು ವರ್ಷ ತಳೆ ಹಾಕ್ದೆ, ನಂಗೆ ನೋವು ಬಂದದ್ದು ಮೊಣಕಾಲಿನ ಮುಂದ್ಗಡೆ. ಇಂವಂಗೆ ಒಳಗೆ ನೋಯ್ತದೆ ಅಂಬ.”

ದೀಪಾವಳಿಗೆ ಬಂದ ತಂಗಿಯ ಮಗ ತೋಟದಲ್ಲಿ ಆ ಯಂತ್ರವನ್ನು ನೋಡಿದವನೇ ಟೇಪು ತರಿಸಿ ಎರಡು ತಟ್ಟೆಗಳ ನಡುವಿನ ಅಂತರ ಅಳೆದ. ತೆಂಗಿನ ಕಾಂಡ, ಅದರ ಮೇಲೆ ಚೌಕಟ್ಟಿನ ದಪ್ಪ, ಎರಡೂ ಸೇರಿ ಹೆಚ್ಚುಕಡಿಮೆ ಅವನ ಹಿಮದ ಹಲಗೆಯ ಮೇಲಿನ ಕಾಲಗಲವೇ ಆಯಿತು. ತಟ್ಟೆ ಸಮತಟ್ಟು. ಪಾದ ಪಟ್ಟಿಯಡಿ ಸಿಕ್ಕಿಕೊಂಡಿದೆ. ಮೇಲೇರುವಾಗ ಒಂದೊಂದು ಸಲವೂ ಇಡೀ ಮೈಭಾರ ಒಂದೇ ಮೊಣಕಾಲಿನ ಮೇಲೆ, ಅದೂ ಮಡಚಿದ ಮೊಣಕಾಲಿನ ಮೇಲೆ. ತಳೆಯಲ್ಲಿ ಮರದ ಉರುಟು ತಾನಾಗಿ ಕೊಡುತ್ತಿದ್ದ ಓರೆಯನ್ನು ಯಂತ್ರ ಮಾಡಿದವರು ಕೊಟ್ಟಿರಲಿಲ್ಲ. ಅವರ ಗಮನವೆಲ್ಲ ಬೀಳದಂತೆ ಮಾಡುವುದರ ಮೇಲೆ ಇತ್ತು, ಇರಬೇಕಾದದ್ದೂ ಅಲ್ಲೇ. ಜೀವ ಉಳಿದ ಮೇಲೆ ಕೀಲಿನ ಸುಖಕ್ಕೂ ಯಾರಾದರೂ ಕೂರಬೇಕು, ಅಷ್ಟೇ.

ನಾವು ಹೊನ್ನಾವರ ಪೇಟೆಗೆ ಹೋಗಲಿಲ್ಲ. ನಮ್ಮ ಮನೆಯ ಕೆಲಸಕ್ಕೆ ಬರುವ ಬಡಗಿ ಹಲಸಿನ ಹಲಗೆಯ ಎರಡು ತುಂಡು ಹೆರೆದುಕೊಟ್ಟರು. ಹೊರಂಚು ಎರಡು ನೂಲು, ಒಳಂಚಿಗೆ ಬರುತ್ತ ಬರುತ್ತ ಕಾಗದದಷ್ಟು. ಮೇಲೆ ಜಾರದಂತೆ ಹಳೆಯ ಸೈಕಲ್ ಟಯರಿನ ರಬ್ಬರು. ತಟ್ಟೆಯ ತೂತಿಗೆ ಸರಿಯಾಗಿ ನಾಲ್ಕು ಬೋಲ್ಟು. ಬೋಲ್ಟು ಸಡಿಲವಾದರೆ ಮರದ ಮೇಲಿರುವವನ ಜೀವಕ್ಕೆ ಅಪಾಯ ಎಂದು ಬಡಗಿಯವರೇ ತಾವಾಗಿ ಎರಡೆರಡು ನಟ್ಟು ಹಾಕಿಸಿದರು. ಮೊದಲು ಆಳೆತ್ತರದಲ್ಲಿ ಏರಿಳಿದು ನೋಡಿದ್ದಾಯಿತು, ಆಮೇಲೆ ಮನೆಯ ಹಿಂದಿನ ಗಿಡ್ಡ ಮರದಲ್ಲಿ, ಆಮೇಲೆ ಹೊಳೆಯಂಚಿನ ಎತ್ತರದ ಮರಗಳಲ್ಲಿ. ಹೊಳೆಯ ಕಡೆಗೆ ವಾಲಿದ ಮರಗಳಲ್ಲಿ ಒಂದು ಕಾಲಿಗೆ ಬೇರೆ ಓರೆ, ಇನ್ನೊಂದಕ್ಕೆ ಬೇರೆ ಓರೆ ಬೇಕಾಗುತ್ತದೆ ಎಂಬುದು ಆಗ ತಿಳಿಯಿತು. ಅದಕ್ಕೆ ಹೆರೆದ ಮರದ ತುಂಡು ಸಾಲದು, ತಿರುಪಿನಿಂದ ಹೆಚ್ಚು ಕಡಿಮೆ ಮಾಡುವಂಥ ಏನಾದರೂ ಬೇಕು. ಹುಡುಗ ಡೆನ್ವರಿನಿಂದ ಅಂಥ ಒಂದು ನಕ್ಷೆ ಬರೆದು ಕಳಿಸಿದ್ದಾನೆ, ವೆಲ್ಡಿಂಗ್ ಅಂಗಡಿಯವರು ನೋಡುತ್ತಿದ್ದಾರೆ.

ಗೌಡರ ಮಗನಿಗೆ ಬಲಗಾಲಿನ ನೋವು ಕಡಿಮೆಯಾಗಿದೆ. ಎಡಗಾಲಿಗೆ ಇನ್ನೂ ಸಾಲದು ಎನ್ನುತ್ತಾನೆ. ಚಿಕ್ಕವನಿದ್ದಾಗ ಸಂಕದಿಂದ ಬಿದ್ದು ಆ ಹರಡು ಮುರಿದಿತ್ತು, ಸ್ವಲ್ಪ ಓರೆಯಾಗಿಯೇ ಕೂಡಿಕೊಂಡಿದೆ. “ಎಡಕ್ಕೆ ಇನ್ನೊಂದು ನೂಲು ಹಾಕ್ಸಿ ಹೆಗ್ಡೇರೇ” ಎಂದು ಮೊನ್ನೆ ಕಾಯಿ ಕೊಯ್ಯಲು ಬಂದಾಗ ಹೇಳಿ ಹೋದ. ಬಡಗಿಯವರು ಸೋಮವಾರ ಬರುತ್ತೇನೆಂದಿದ್ದಾರೆ. ಹಲಸಿನ ತುಂಡನ್ನು ಒಣಗಲು ಅಟ್ಟದ ಮೇಲೆ ಇಟ್ಟಿದ್ದೇನೆ.